ಅಟ್ಟದಲ್ಲಿ ಕೂಡುವ ರುಚಿ: ಉಂಡೆ ಕೊಬ್ಬರಿ ಮಾಗುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರಲ್ಲಿ ಯಾರನ್ನು ಕೇಳಿದರೂ ಈ ವಾರದ ಕೊಬ್ಬರಿ ಧಾರಣೆಯನ್ನು ತಪ್ಪಿಲ್ಲದೆ ಹೇಳುತ್ತಾರೆ. ಚೀಲವನ್ನು ಎತ್ತಿ ನೋಡಿ ತೂಕವನ್ನೂ ಅಂದಾಜು ಮಾಡುತ್ತಾರೆ. ಆದರೆ "ನಿಮ್ಮ ಅಟ್ಟದ ಕೊಬ್ಬರಿಯ ರುಚಿ ಹೇಗಿದೆ?" ಎಂದು ಕೇಳಿದರೆ ಅನೇಕರು ನಕ್ಕುಬಿಡುತ್ತಾರೆ. ಕೊಬ್ಬರಿ ಎಂದ ಮೇಲೆ ಕೊಬ್ಬರಿಯ ರುಚಿಯೇ ಅಲ್ಲವೇ ಎಂಬುದು ಅವರ ಉತ್ತರ.

ಈ ಉತ್ತರ ಸರಿಯಲ್ಲ. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ಬಹುಪಾಲು ಎಣ್ಣೆ ಗಾಣಕ್ಕೆ ಹೋಗುವುದಿಲ್ಲ. ಅದು ಉತ್ತರ ಭಾರತದ ಪೇಟೆಗಳಿಗೆ ಹೋಗಿ ಬಾದಾಮಿ, ಒಣದ್ರಾಕ್ಷಿಗಳ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಮದುವೆ, ಹಬ್ಬ, ಪೂಜೆಗಳಿಗೆ ಬಳಕೆಯಾಗುತ್ತದೆ. ಚಳಿಗಾಲದ ಸಿಹಿ ತಿಂಡಿಗಳಿಗೆ ಬೀಳುತ್ತದೆ. ನಮ್ಮಲ್ಲಿಯೂ ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಇಲ್ಲದೆ ಆಗುವುದಿಲ್ಲ. ಹೀಗೆ ನೇರವಾಗಿ ತಿನ್ನುವವರ ಬಾಯಿಗೆ ಹೋಗುವ ಪದಾರ್ಥಕ್ಕೆ ಕೊನೆಯ ತೀರ್ಪು ಕೊಡುವುದು ತಕ್ಕಡಿಯಲ್ಲ, ನಾಲಿಗೆ. ಆದ್ದರಿಂದ ಕೊಬ್ಬರಿಯ ರುಚಿ ಹೇಗೆ ಕೂಡುತ್ತದೆ, ಯಾವಾಗ ಪೂರ್ತಿಯಾಗುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಬೆಳೆಗಾರರು ತಿಳಿದುಕೊಂಡಿರುವುದು ಲಾಭದಾಯಕ.

ಒಣಗುವುದು ಬೇರೆ, ಮಾಗುವುದು ಬೇರೆ

ಕೊಬ್ಬರಿಯಲ್ಲಿ ಎರಡು ಬಗೆ. ಕಾಯಿಯನ್ನು ಎರಡು ಹೋಳು ಮಾಡಿ, ಬಿಸಿಲಿನಲ್ಲಿ ಅಥವಾ ಒಲೆಯ ಶಾಖದಲ್ಲಿ ಒಣಗಿಸಿದ್ದು ಬಟ್ಟಲು ಕೊಬ್ಬರಿ. ಒಳ್ಳೆಯ ಬಿಸಿಲಿದ್ದರೆ ಒಂದು ವಾರದೊಳಗೆ ಅದು ಸಿದ್ಧವಾಗುತ್ತದೆ. ಅದರ ಮುಖ್ಯ ಉಪಯೋಗ ಎಣ್ಣೆಗೆ. ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟು, ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಬಂದ ಮೇಲೆ ಇಡಿಯಾಗಿ ತೆಗೆದದ್ದು ಉಂಡೆ ಕೊಬ್ಬರಿ.

ಎರಡರಲ್ಲೂ ನೀರು ಹೋಗುತ್ತದೆ ನಿಜ. ಆದರೆ ಮೊದಲನೆಯದು ಗಾಳಿ, ಧೂಳು, ಬಿಸಿಲುಗಳಿಗೆ ಮೈಯೊಡ್ಡಿ ಅವಸರದಲ್ಲಿ ಒಣಗಿದ್ದು. ಎರಡನೆಯದು ಚಿಪ್ಪು ಮತ್ತು ಮಟ್ಟೆಗಳ ರಕ್ಷಣೆಯಲ್ಲಿ, ಹೊರಗಿನ ಗಾಳಿಯ ಸಂಪರ್ಕ ಬಹಳ ಕಡಿಮೆ ಇರುವಲ್ಲಿ, ನಿಧಾನವಾಗಿ ಮಾಗಿದ್ದು. ಹಳೆ ಅಕ್ಕಿಯ ಅನ್ನವೂ ಹಳೆ ಹುಣಸೆಹಣ್ಣಿನ ಸಾರೂ ಹೇಗೆ ಬೇರೆ ರುಚಿ ಕೊಡುತ್ತವೆಯೋ ಹಾಗೆಯೇ ಇದು. ಕೇವಲ ನೀರು ತೆಗೆಯುವುದೇ ಉದ್ದೇಶವಾಗಿದ್ದರೆ ಒಂದು ವರ್ಷ ಅಟ್ಟ ಕಾಯುವ ಅಗತ್ಯವಿರಲಿಲ್ಲ. ನಮ್ಮ ಹಿರಿಯರು ಕಾಯ್ದದ್ದು ರುಚಿಗಾಗಿ.

ಚಿಪ್ಪಿನೊಳಗೆ ನಡೆಯುವುದೇನು?

ಮರದಿಂದ ಇಳಿಸಿದ ಬಲಿತ ಕಾಯಿ ಸತ್ತ ವಸ್ತುವಲ್ಲ. ಅದು ಬೀಜ; ಉಸಿರಾಡುತ್ತಲೇ ಇರುತ್ತದೆ. ಒಳಗಿನ ನೀರಿನ ಒಂದು ಭಾಗವನ್ನು ತಿರುಳು ಹೀರಿಕೊಳ್ಳುತ್ತದೆ. ತಿರುಳಿನ ತೇವ ಚಿಪ್ಪಿನ ಮೂಲಕ, ಅದರಲ್ಲೂ ಮೆತ್ತನೆಯ ಕಣ್ಣಿನ ಕಡೆಯಿಂದ, ಆವಿಯಾಗಿ ಮಟ್ಟೆಗೆ ಬಂದು ಅಲ್ಲಿಂದ ಹೊರಗೆ ಹೋಗುತ್ತದೆ. ಈ ದಾರಿ ಇಕ್ಕಟ್ಟಾದುದರಿಂದಲೇ ಕೆಲಸ ನಿಧಾನ.

ಈಗ ಒಂದು ಸರಳ ಲೆಕ್ಕ ನೋಡೋಣ. 100 ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 50 ಗ್ರಾಂ ನೀರು, 35 ಗ್ರಾಂ ಎಣ್ಣೆ, ಉಳಿದ 15 ಗ್ರಾಂ ಸಕ್ಕರೆ, ಸಸಾರಜನಕ, ನಾರು ಮುಂತಾದವು ಇರುತ್ತವೆ. ಇದು ಮಾಗಿ ತೇವಾಂಶ ಶೇ. 6ಕ್ಕೆ ಇಳಿದಾಗ ಉಳಿಯುವ ತೂಕ ಸುಮಾರು 53 ಗ್ರಾಂ. ಎಣ್ಣೆ ಅದೇ 35 ಗ್ರಾಂ ಇದ್ದರೂ ಈಗ ಅದು ಶೇ. 66 ಆಗುತ್ತದೆ. ಉಸಿರಾಟದಲ್ಲಿ ಸ್ವಲ್ಪ ಸಕ್ಕರೆ ಖರ್ಚಾದರೂ ಉಳಿದದ್ದು ಇದೇ ರೀತಿ ಒತ್ತೊತ್ತಾಗಿ ಕೂಡುತ್ತದೆ. ಹಸಿ ಕಾಯಿಗಿಂತ ಮಾಗಿದ ಕೊಬ್ಬರಿ ಹೆಚ್ಚು ಸಿಹಿಯೆನಿಸುವುದಕ್ಕೆ ಇದು ಮೊದಲ ಕಾರಣ.

ಎರಡನೆಯದು ಪರಿಮಳ. ತೆಂಗಿನ ವಿಶಿಷ್ಟ ವಾಸನೆಗೆ ಲ್ಯಾಕ್ಟೋನ್ ಎಂಬ ಗುಂಪಿನ ಪದಾರ್ಥಗಳು ಮುಖ್ಯ ಕಾರಣ. ಇವು ಎಣ್ಣೆಯಲ್ಲಿ ಕರಗಿ ನಿಲ್ಲುವಂಥವು. ತಿರುಳು ತುಂಬ ನೀರಿದ್ದಾಗ ಇವು ಚೆದರಿರುತ್ತವೆ. ನೀರು ಹೋಗಿ ಎಣ್ಣೆ ಒಂದುಗೂಡಿದಾಗ ಬಾಯಲ್ಲಿ ಗಟ್ಟಿಯಾಗಿ ತಿಳಿಯುತ್ತವೆ. ತೀವ್ರ ಶಾಖ ಕೊಟ್ಟು ಒಣಗಿಸಿದರೆ ಈ ಪರಿಮಳದ ಒಂದು ಭಾಗ ಹಾರಿಹೋಗುತ್ತದೆ. ತಣ್ಣಗೆ ಮಾಗಿದರೆ ಉಳಿಯುತ್ತದೆ.

ಮೂರನೆಯದು ಎಣ್ಣೆಯ ಗುಣ. ತೆಂಗಿನೆಣ್ಣೆಯಲ್ಲಿ ಶೇ. 90ರಷ್ಟು ಪರ್ಯಾಪ್ತ ಮೇದಾಮ್ಲಗಳಿವೆ. ಅದರಲ್ಲಿ ಲಾರಿಕ್ ಆಮ್ಲವೊಂದೇ ಅರ್ಧದ ಹತ್ತಿರ. ಇಂಥ ಎಣ್ಣೆ ಗಾಳಿಗೆ ಬೇಗ ಕೆಡುವುದಿಲ್ಲ. ಕಡಲೆಕಾಯಿ ಬೀಜವನ್ನು ಸುಲಿದು ಒಂದು ವರ್ಷ ಇಟ್ಟರೆ ಕನರು ಬರುತ್ತದೆ, ಕೊಬ್ಬರಿ ತಾಳುತ್ತದೆ. ಆದರೆ ಇದಕ್ಕೆ ಒಬ್ಬ ಶತ್ರು ಇದ್ದಾನೆ. ಅವನೇ ತೇವ. ತೇವ ಉಳಿದಿರುವ ಕಡೆ ಬೂಷ್ಟು ಬೆಳೆದು, ಅದರ ಕಿಣ್ವಗಳು ಎಣ್ಣೆಯನ್ನು ಒಡೆದು ಲಾರಿಕ್ ಆಮ್ಲವನ್ನು ಬಿಡಿಸುತ್ತವೆ. ಬಿಡಿಯಾದ ಲಾರಿಕ್ ಆಮ್ಲಕ್ಕೆ ಸಾಬೂನಿನ ರುಚಿ. ಸಾಬೂನು ತಯಾರಿಕೆಗೆ ತೆಂಗಿನೆಣ್ಣೆಯನ್ನು ಬಳಸುವುದನ್ನು ನೆನಪಿಸಿಕೊಂಡರೆ ಈ ಸಂಬಂಧ ಅರ್ಥವಾಗುತ್ತದೆ.

ತಿಂಗಳು ತಿಂಗಳಿಗೆ ರುಚಿ

ಒಂದೇ ಕೊಯ್ಲಿನ ಕಾಯಿಗಳನ್ನು ತಿಂಗಳಿಗೊಂದರಂತೆ ಒಡೆದು ರುಚಿ ನೋಡುತ್ತ ಬಂದರೆ ಕೆಳಗಿನ ಬದಲಾವಣೆಗಳು ಕಾಣುತ್ತವೆ. ಹವೆ, ಅಟ್ಟದ ಕಟ್ಟಡ, ಕಾಯಿಯ ಗಾತ್ರಗಳಿಗೆ ಅನುಸಾರವಾಗಿ ಒಂದೆರಡು ತಿಂಗಳು ಹಿಂದೆ ಮುಂದೆ ಆಗಬಹುದು.

ಮೊದಲ ತಿಂಗಳು: ತಿರುಳು ಬೆಳ್ಳಗೆ, ಹಾಲು ತುಂಬಿ, ಚಿಪ್ಪಿಗೆ ಅಂಟಿಕೊಂಡಿರುತ್ತದೆ. ರುಚಿ ಹಸಿ ಹಾಲಿನದು. ಸಿಹಿ ತೆಳುವಾಗಿರುತ್ತದೆ. ಅಡಿಗೆಗೆ ಇದೇ ಒಳ್ಳೆಯದು.

ಎರಡರಿಂದ ನಾಲ್ಕನೆಯ ತಿಂಗಳು: ಅಲ್ಲಾಡಿಸಿದರೆ ನೀರು ಕುಲುಕುವ ಸದ್ದು ಜೋರಾಗುತ್ತದೆ, ನೀರು ಕಡಿಮೆಯಾಗಿ ಒಳಗೆ ಜಾಗ ಆಗಿರುವುದೇ ಕಾರಣ. ಆ ನೀರನ್ನು ಕುಡಿದರೆ ಹಿತವಿಲ್ಲ. ತಿರುಳು ಗಟ್ಟಿಯಾಗಿ ಹಾಲು ಕಡಿಮೆಯಾಗುತ್ತದೆ. ರುಚಿ ಸಪ್ಪೆಯ ಕಡೆ ತಿರುಗುತ್ತದೆ. ತೇವ ಸಿಕ್ಕ ಕಾಯಿಗಳು ಈ ಅವಧಿಯಲ್ಲಿ ಮೊಳೆಯುತ್ತವೆ. ಮೊಳೆತ ಕಾಯಿಯೊಳಗಿನ ಮೆತ್ತನೆಯ ಹೂ ಮಕ್ಕಳಿಗೆ ಇಷ್ಟವಾದರೂ ಅದು ಬೆಳೆಯುವುದು ತಿರುಳಿನ ಎಣ್ಣೆ ಸಕ್ಕರೆಗಳನ್ನು ತಿಂದು. ಅಂಥ ಕಾಯಿ ಕೊಬ್ಬರಿಗೆ ಬಾರದು.

ಐದರಿಂದ ಏಳನೆಯ ತಿಂಗಳು: ನೀರು ಪೂರ್ತಿ ಇಂಗುತ್ತದೆ. ಕುಲುಕಿದರೆ ಸದ್ದಿಲ್ಲ. ತಿರುಳು ಇನ್ನೂ ಚಿಪ್ಪನ್ನು ಬಿಟ್ಟಿಲ್ಲ, ಅಥವಾ ಅಲ್ಲಲ್ಲಿ ಬಿಡಲು ತೊಡಗಿದೆ. ಜಗಿದರೆ ತೊಗಲಿನಂತೆ ಎಳೆಯುತ್ತದೆ. ಹಸಿ ಕಾಯಿಯ ಹಾಲಿನ ರುಚಿ ಹೋಗಿದೆ, ಕೊಬ್ಬರಿಯ ಸಿಹಿ ಇನ್ನೂ ಬಂದಿಲ್ಲ. ಈ ಅವಧಿಗೆ 'ಮೂಕ ಕಾಯಿ'ಯ ಕಾಲವೆಂದು ಹೆಸರಿಡಬಹುದು. ಇದೇ ಅತ್ಯಂತ ಅಪಾಯದ ಹಂತ.

ಎಂಟರಿಂದ ಹತ್ತನೆಯ ತಿಂಗಳು: ತಿರುಳು ಕುಗ್ಗಿ ಚಿಪ್ಪಿನಿಂದ ಬೇರೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಉಂಡೆ ಲೊಡಲೊಡ ಎಂದು ಹೊರಳುತ್ತದೆ. ಕತ್ತರಿಸಿದ ಮುಖ ಬೆಳ್ಳಗೆ ಎಣ್ಣೆಯಿಂದ ಹೊಳೆಯುತ್ತದೆ. ಬಾಯಿಗೆ ಹಾಕಿದ ಕೂಡಲೇ ಪರಿಮಳ ತಿಳಿಯುತ್ತದೆ. ಜಗಿಯುತ್ತ ಹೋದಂತೆ ಸಿಹಿ ಹೆಚ್ಚುತ್ತದೆ.

ಹನ್ನೊಂದು, ಹನ್ನೆರಡನೆಯ ತಿಂಗಳು: ರುಚಿ ತುಂಬುವ ಕಾಲ. ಹಾಲಿನ ನೆನಪು ಪೂರ್ತಿ ಹೋಗಿ, ಹುರಿದ ಬೀಜಗಳನ್ನು ತಿಂದಂಥ ಗಟ್ಟಿ ರುಚಿ ಬರುತ್ತದೆ. ಹೊರಗಿನ ಕಂದು ಸಿಪ್ಪೆಯ ಒಗರು ಸಿಹಿಯೊಂದಿಗೆ ಹದವಾಗಿ ಸೇರುತ್ತದೆ. ನುಂಗಿದ ಮೇಲೂ ಸ್ವಲ್ಪ ಹೊತ್ತು ರುಚಿ ಬಾಯಲ್ಲಿ ನಿಲ್ಲುತ್ತದೆ.

ಅದರ ನಂತರ: ಒಳ್ಳೆಯ ಅಟ್ಟದಲ್ಲಿ ಇನ್ನೂ ಕೆಲವು ತಿಂಗಳು ತಡೆಯುತ್ತದೆ, ಆದರೆ ಹೆಚ್ಚಿನ ಗುಣ ಬರುವುದಿಲ್ಲ. ಉಂಡೆ ಸುಕ್ಕುಗಟ್ಟುತ್ತದೆ, ತಿರುಳು ಹಳದಿಗೆ ತಿರುಗುತ್ತದೆ, ಸಿಹಿ ಹಿಂದೆ ಸರಿದು ಹಳೇ ಎಣ್ಣೆಯ ರುಚಿ ಮುಂದೆ ಬರುತ್ತದೆ. ಮಾಗುವುದಕ್ಕೂ ಒಂದು ಕೊನೆ ಇದೆ ಎಂಬುದನ್ನು ಮರೆಯಬಾರದು.

ದೂರದ ದೇಶದ ಒಂದು ನಿದರ್ಶನ

ಮುಚ್ಚಿದ ಪಾತ್ರೆಯಲ್ಲಿ ಕಾಲವನ್ನೇ ಅಡಿಗೆಗೆ ಬಳಸುವ ವಿದ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಫ್ರಾನ್ಸ್ ದೇಶದಲ್ಲಿ ಬರ್ಗಂಡಿ ಎಂಬ ಸೀಮೆ ಇದೆ. ಅಲ್ಲಿಯ ರೈತರು ಶಾರ್ಡೊನೆ ಎಂಬ ದ್ರಾಕ್ಷಿಯಿಂದ ಬಿಳಿ ವೈನ್ ತಯಾರಿಸಿ, ಓಕ್ ಮರದ ಪೀಪಾಯಿಗಳಲ್ಲಿಟ್ಟು, ಬಳಿಕ ಸೀಸೆಗಳಲ್ಲಿ ತುಂಬಿ ತಂಪಾದ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಾಗಿಸುತ್ತಾರೆ. ಕುಡಿತದ ಮಾತು ಇಲ್ಲಿ ಬೇಡ. ಮಾಗಿಸುವ ವಿದ್ಯೆಯನ್ನು ಮಾತ್ರ ನೋಡೋಣ. ಹೊಸದರಲ್ಲಿ ಅದಕ್ಕೆ ನಿಂಬೆ, ಹಸಿರು ಸೇಬಿನಂಥ ಹುಳಿ ರುಚಿ. ವರ್ಷಗಳು ಕಳೆದಂತೆ ಜೇನು, ಬೆಣ್ಣೆ, ಹುರಿದ ಬೀಜಗಳ ರುಚಿ ಬರುತ್ತದೆ. ಓಕ್ ಮರದಲ್ಲಿಯೂ ಒಂದು ಬಗೆಯ ಲ್ಯಾಕ್ಟೋನ್ ಇದ್ದು, ಅದರ ವಾಸನೆ ತೆಂಗಿನಕಾಯಿಯನ್ನೇ ಹೋಲುತ್ತದೆ ಎಂಬುದು ನಮಗೆ ಸ್ವಾರಸ್ಯದ ವಿಷಯ.

ಅಲ್ಲಿಯೂ ಒಂದು ತೊಂದರೆ ಬಂತು. 1990ರ ದಶಕದ ಮಧ್ಯಭಾಗದಿಂದೀಚಿನ ಫಸಲುಗಳ ಅನೇಕ ಸೀಸೆಗಳು ಅವಧಿಗೆ ಮೊದಲೇ ಕಂದು ಬಣ್ಣಕ್ಕೆ ತಿರುಗಿ, ಪೆಟ್ಟುಬಿದ್ದ ಸೇಬಿನ ವಾಸನೆ ಕೊಡತೊಡಗಿದವು. ಬಿರಡೆಯ ಸಂದಿನಿಂದ ಗಾಳಿ ನುಸುಳುವುದು ಇದರ ಕಾರಣಗಳಲ್ಲಿ ಒಂದೆಂದು ತಜ್ಞರು ಭಾವಿಸಿದರು. ಒಂದೇ ಪೆಟ್ಟಿಗೆಯಲ್ಲಿ ಒಂದು ಸೀಸೆ ಕೆಟ್ಟಿದ್ದರೆ ಪಕ್ಕದ್ದು ಚೆನ್ನಾಗಿರುತ್ತಿತ್ತು.

ನಮ್ಮ ಕಾಯಿಗೆ ಚಿಪ್ಪೇ ಸೀಸೆ, ಕಣ್ಣೇ ಬಿರಡೆ. ಮೇಲಿನಿಂದ ಎಸೆದು ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟ ಕಾಯಿ, ಕಣ್ಣಿನ ಬಳಿ ಇಲಿ ಕಡಿದ ಕಾಯಿ, ಮೊಳಕೆ ತಳ್ಳಿದ ಕಾಯಿ ಇವೆಲ್ಲ ಬಿರಡೆ ಸಡಿಲವಾದ ಸೀಸೆಗಳಿದ್ದಂತೆ. ಪಕ್ಕದ ಕಾಯಿ ಅಮೃತದಂತಿದ್ದರೂ ಇದು ಕೆಟ್ಟಿರುತ್ತದೆ. ಆದ್ದರಿಂದ ಒಂದು ಕಾಯಿ ಒಡೆದು ನೋಡಿ ಇಡೀ ಅಟ್ಟದ ಬಗ್ಗೆ ತೀರ್ಮಾನಿಸಬಾರದು.

ನಾನೇ ಮಾಡಿದ ತಪ್ಪು

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಡಾಕ್ಟರೇಟ್ ಪದವಿ ಪಡೆದು ಬಂದ ಹೊಸತು. ಊರಿನ ನಮ್ಮ ಮನೆಯಲ್ಲಿ ಅಟ್ಟದ ಅರ್ಧಕ್ಕೆ ಏಳು ತಿಂಗಳ ಕಾಯಿ ಇತ್ತು. ಹಿಂಗಾರು ಮಳೆಯ ದಿನಗಳು. ಕೆಡವಿದ ಹೊಸ ಕಾಯಿ ಅಂಗಳದಲ್ಲಿ ನೆನೆಯುತ್ತಿತ್ತು. ತಂದೆಯವರು ಊರಲ್ಲಿರಲಿಲ್ಲ. ಜಾಗ ಉಳಿಸುವ ಬುದ್ಧಿವಂತಿಕೆಯಿಂದ ಹೊಸ ಕಾಯಿಗಳನ್ನು ಹಳೆಯದರ ಮೇಲೆಯೇ ಸುರಿಸಿದೆ. ಒಂದು ತಿಂಗಳ ಮೇಲೆ ತಾಯಿ ಕೆಳಗಿನ ಒಂದು ಕಾಯಿ ಒಡೆದು ಚೂರು ಬಾಯಿಗಿಟ್ಟು, ನನ್ನ ಕೈಗೂ ಒಂದು ಚೂರು ಕೊಟ್ಟು, "ನೋಡಪ್ಪ, ಉಸಿರು ಕಟ್ಟೈತೆ" ಎಂದರು. ನೋಡಲು ತಿರುಳು ಬೆಳ್ಳಗೇ ಇತ್ತು. ಬಾಯಲ್ಲಿ ಮಾತ್ರ ಮುಗ್ಗಲು ವಾಸನೆ, ಹಿಂದೆಯೇ ಸಾಬೂನಿನ ರುಚಿ. ಇನ್ನೂ ಎರಡು ತಿಂಗಳ ಮೇಲೆ ಆ ಭಾಗದ ಕೊಬ್ಬರಿಯನ್ನು ಇಳಿಸಿದಾಗ ಕಾಲುಭಾಗಕ್ಕೂ ಹೆಚ್ಚು ಕಪ್ಪಾಗಿತ್ತು.

ಕಣ್ಣಿಗೆ ಕಾಣುವ ಎರಡು ತಿಂಗಳ ಮೊದಲೇ ನಾಲಿಗೆ ಹೇಳಿತ್ತು. ಅಂದೇ ರಾಶಿ ಹರಡಿದ್ದರೆ ಬಹುಪಾಲು ಉಳಿಯುತ್ತಿತ್ತು. ನಾನು ಹರಡಲಿಲ್ಲ, ತಿರುಳು ಬೆಳ್ಳಗಿದೆಯಲ್ಲ ಎಂದು ವಾದಿಸಿದೆ. ಓದುಗರು ಹಾಗೆ ಮಾಡಬಾರದೆಂದೇ ಇದನ್ನು ಬರೆದಿದ್ದೇನೆ.

ಕೆಟ್ಟ ರುಚಿ, ಅದರ ಕಾರಣ, ಪರಿಹಾರ

1. ಸಪ್ಪೆ, ಎಳೆಯುವ ತಿರುಳು: ಅವಧಿ ಸಾಲದು, ಅಥವಾ ಎಳೆಯ ಕಾಯಿಯನ್ನು ಕೆಡವಲಾಗಿದೆ. ಹೊಂಬಾಳೆ ಒಡೆದು ಹನ್ನೆರಡು ತಿಂಗಳು ತುಂಬಿದ ಗೊನೆಯನ್ನೇ ಕೊಬ್ಬರಿಗೆ ಆರಿಸಬೇಕು. ಎಳೆಯ ಕಾಯಿಯನ್ನು ಎಷ್ಟು ಕಾಲ ಇಟ್ಟರೂ ಉಂಡೆ ಸುಕ್ಕಾಗುತ್ತದೆಯೇ ಹೊರತು ಮಾಗುವುದಿಲ್ಲ.

2. ಹುಳಿ: ಚಿಪ್ಪು ಬಿರಿದು ಒಳಗಿನ ನೀರು ಹುದುಗಿದೆ. ಕಾಯಿಯನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಬಾರದು. ಅಟ್ಟಕ್ಕೆ ಎಸೆಯದೆ ಕೈಯಿಂದ ಕೈಗೆ ದಾಟಿಸಬೇಕು.

3. ಮುಗ್ಗಲು: ಗಾಳಿಯಾಡದ ಅಟ್ಟ, ನೆನೆದ ಮಟ್ಟೆ, ಅತಿ ಎತ್ತರದ ರಾಶಿ. ಕೂಡಲೇ ರಾಶಿ ಹರಡಿ, ಕೆಳಗಿನದನ್ನು ಮೇಲಕ್ಕೆ ತರಬೇಕು.

4. ಸಾಬೂನಿನ ರುಚಿ, ಗಂಟಲಲ್ಲಿ ಕೆರೆತ: ಎಣ್ಣೆ ಒಡೆದಿದೆ. ಇದಕ್ಕೆ ಪರಿಹಾರವಿಲ್ಲ. ತಿನ್ನುವ ಕೊಬ್ಬರಿಯೊಂದಿಗೆ ಬೆರೆಸಬಾರದು.

5. ಹೊಗೆಯ ರುಚಿ: ಅಟ್ಟದ ಕೆಳಗಿನ ಒಲೆಯ ಹೊಗೆ ಹೆಚ್ಚಾಗಿದೆ. ಹಿಂದೆ ಅಡಿಗೆಮನೆಯ ಮೇಲೆ ಅಟ್ಟವಿದ್ದಾಗ ಸಣ್ಣ ಶಾಖ ತೇವವನ್ನು ಓಡಿಸುತ್ತಿತ್ತು, ಹುಳುಗಳನ್ನೂ ದೂರವಿಡುತ್ತಿತ್ತು. ಸಣ್ಣ ಶಾಖ ಒಳ್ಳೆಯದು. ದಟ್ಟ ಹೊಗೆ ಬೇಡ. ಬಿಳುಪಿಗೆಂದು ಗಂಧಕದ ಹೊಗೆ ಕೊಡುವ ಪದ್ಧತಿಯಂತೂ ರುಚಿಗೂ ಆರೋಗ್ಯಕ್ಕೂ ಸಲ್ಲದು.

6. ಕಹಿ: ಬೂಷ್ಟು ತಿರುಳಿನೊಳಕ್ಕೆ ಇಳಿದಿದೆ. ಅದರಲ್ಲೂ ಹಳದಿ ಮಿಶ್ರಿತ ಹಸಿರು ಬಣ್ಣದ ಬೂಷ್ಟು ಕಂಡರೆ ರುಚಿ ನೋಡಲೂ ಬಾರದು. ಇದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಅದು ಯಕೃತ್ತಿಗೆ ಮಾರಕ. ಇಂಥ ಕೊಬ್ಬರಿಯನ್ನು ಗಾಣಕ್ಕೆ ಹಾಕಿ, ಹಿಂಡಿಯನ್ನು ಹಸುವಿಗೆ ತಿನ್ನಿಸಿದರೆ ವಿಷದ ಅಂಶ ಹಾಲಿಗೂ ಬರುತ್ತದೆ. ಸುಟ್ಟುಹಾಕುವುದೇ ಕ್ಷೇಮ.

ರುಚಿ ನೋಡುವ ಕ್ರಮ

ಏಳನೆಯ ತಿಂಗಳಿನಿಂದ ತಿಂಗಳಿಗೊಮ್ಮೆ ಪ್ರತಿ ಕೊಯ್ಲಿನ ರಾಶಿಯಿಂದ ಐದು ಕಾಯಿ ತೆಗೆಯಿರಿ. ಮೇಲಿನಿಂದ ಒಂದು, ನಡುವಿನಿಂದ ಎರಡು, ತಳದಿಂದ ಎರಡು ಇರಲಿ. ಕೆಡುಕು ಸಾಮಾನ್ಯವಾಗಿ ತಳದಲ್ಲಿ, ಗೋಡೆಯ ಮೂಲೆಯಲ್ಲಿ ಪ್ರಾರಂಭವಾಗುತ್ತದೆ.

ಮೊದಲು ಕಿವಿ: ಅಲ್ಲಾಡಿಸಿ ಕೇಳಿ. ಐದರಲ್ಲಿ ಎಷ್ಟು ಲೊಡಲೊಡ ಎನ್ನುತ್ತವೆ ಎಂದು ಬರೆದಿಡಿ. ಆಮೇಲೆ ಮೂಗು: ಒಡೆದ ಕೂಡಲೇ ಚಿಪ್ಪಿನೊಳಗಿನ ವಾಸನೆ ನೋಡಿ, ಸ್ವಲ್ಪ ಹೊತ್ತಾದರೆ ಅದು ಹೋಗಿಬಿಡುತ್ತದೆ. ಬಳಿಕ ಕಣ್ಣು: ಉಂಡೆಯನ್ನು ಕತ್ತರಿಸಿ ಬಣ್ಣ, ಹೊಳಪು, ಒಳಗೋಡೆಯ ಕಲೆಗಳನ್ನು ನೋಡಿ. ಕೊನೆಗೆ ನಾಲಿಗೆ: ಬೂಷ್ಟಿಲ್ಲದ ತಿರುಳಿನ ಚಿಕ್ಕ ಚೂರನ್ನು ಇಪ್ಪತ್ತು ಸಲ ಜಗಿಯಿರಿ. ಕಾಫಿ, ಎಲೆ ಅಡಿಕೆ ಹಾಕಿದ ಬಾಯಿಂದ ನೋಡಬೇಡಿ. ಎರಡು ಕಾಯಿಗಳ ನಡುವೆ ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ. ಮೊದಲ ಕ್ಷಣದಲ್ಲಿ ಏನು ತಿಳಿಯಿತು, ಜಗಿದಾಗ ಸಿಹಿ ಹೆಚ್ಚಿತೇ ಕಡಿಮೆಯಾಯಿತೇ, ನುಂಗಿದ ಮೇಲೆ ಗಂಟಲಲ್ಲಿ ಏನು ಉಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಮನೆಯ ಹೆಣ್ಣುಮಕ್ಕಳನ್ನೂ ಹಿರಿಯರನ್ನೂ ಕೇಳಿ. ಅಡಿಗೆ ಮಾಡುವವರ ನಾಲಿಗೆ ಹೆಚ್ಚು ನಿಖರ.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ, ಎಳ್ಳು, ಬೆಲ್ಲ, ಹುರಿಗಡಲೆಯೊಂದಿಗೆ ಬೆರೆಸಿ ಡಬ್ಬಿಯಲ್ಲಿಡಿ. ಪೂರ್ತಿ ಮಾಗಿದ ಕೊಬ್ಬರಿಯಾದರೆ ಮಿಶ್ರಣ ದಿನಗಟ್ಟಲೆ ಗರಿಗರಿಯಾಗಿ ಉಳಿಯುತ್ತದೆ. ಅರೆಮಾಗಿದ್ದಾದರೆ ಬೆಲ್ಲ ಬೇಗ ಬೆವರುತ್ತದೆ, ಹುರಿಗಡಲೆ ಮೆತ್ತಗಾಗುತ್ತದೆ.

ಅಟ್ಟದ ವ್ಯವಸ್ಥೆ

ಅಟ್ಟದ ಹಾಸು ಬಿದಿರು, ಅಡಿಕೆ ದಬ್ಬೆ ಅಥವಾ ಮರದ ಪಟ್ಟಿಗಳದಾಗಿದ್ದು ನಡುವೆ ಸಂದು ಇರಬೇಕು. ಕೆಳಗಿನಿಂದಲೂ ಗಾಳಿ ಬರಬೇಕು. ತಗಡಿನ ಚಾವಣಿಯಾದರೆ ರಾಶಿಗೂ ತಗಡಿಗೂ ನಡುವೆ ಧಾರಾಳ ಅಂತರ ಬಿಟ್ಟು, ಎದುರು ಬದುರು ಗೋಡೆಗಳಲ್ಲಿ ಜಾಲರಿ ಕಿಂಡಿ ಇಡಬೇಕು. ಮುಂಗಾರಿಗೆ ಮೊದಲೇ ಸೋರುವ ಹೆಂಚುಗಳನ್ನು ಬದಲಾಯಿಸಬೇಕು. ರಾಶಿ ಎದೆಯೆತ್ತರವನ್ನು ಮೀರಬಾರದು, ಗೋಡೆಗೆ ತಾಗಬಾರದು.

ಮಳೆಗಾಲದಲ್ಲಿ ಕೆಡವಿದ ಕಾಯಿಯನ್ನು ಮೊದಲು ನೆರಳಿನಲ್ಲಿ ಹರಡಿ, ಮಟ್ಟೆ ಒಣಗಿದ ಮೇಲೆ ಅಟ್ಟಕ್ಕೆ ಸೇರಿಸಬೇಕು. ಬೇಸಿಗೆಯ ಕೊಯ್ಲಿನಿಂದ ಉತ್ತಮ ಕೊಬ್ಬರಿ ಬರುವುದು ನಿಮಗೇ ಗೊತ್ತಿರುವ ವಿಷಯ. ಎರಡು ತಿಂಗಳಿಗೊಮ್ಮೆ ಕಾಯಿ ಕೆಡವುವವರು ಅಟ್ಟವನ್ನು ಅಂಕಣಗಳಾಗಿ ವಿಂಗಡಿಸಿ, ಪ್ರತಿ ಅಂಕಣಕ್ಕೂ ಕೊಯ್ಲಿನ ತಿಂಗಳನ್ನು ಬರೆದ ಹಲಗೆ ಕಟ್ಟಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ನಿಲ್ಲಬೇಕು. ಸುಲಿಯದ ಕಾಯಿಗಾಗಲಿ, ಸುಲಿದ ಕೊಬ್ಬರಿಗಾಗಲಿ ಕೀಟನಾಶಕದ ಪುಡಿ ಎರಚಬಾರದು. ಸುಲಿದ ಉಂಡೆಯನ್ನು ಒಂದೆರಡು ದಿನ ಎಳೆಬಿಸಿಲಿಗೆ ಹಾಕಿ, ಒಣಗಿದ ಶುದ್ಧ ಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟರೆ ಕೊಬ್ಬರಿ ಜೀರುಂಡೆಯ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ರುಚಿಯ ಬುನಾದಿ ತೋಟದಲ್ಲಿಯೇ ಬೀಳುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ದಪ್ಪ ತಿರುಳಿಗೆ ಪೊಟ್ಯಾಷ್ ಅವಶ್ಯಕ. ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಶಿಫಾರಸಾಗಿದೆ. ಇದನ್ನು ಎರಡು ಕಂತುಗಳಲ್ಲಿ ಸಾವಯವ ಗೊಬ್ಬರದೊಂದಿಗೆ ಕೊಡಬೇಕು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬಳಿಕ ನಮ್ಮ ಸೀಮೆಗೂ ಹಬ್ಬಿದ ನುಸಿ ಪೀಡೆಗೆ ತುತ್ತಾದ ಕಾಯಿಗಳು ಚಿಕ್ಕವಾಗಿ, ಮಟ್ಟೆ ಬಿರಿದಿರುತ್ತವೆ. ಅವು ಬೇಗ ಒಣಗುವುದರಿಂದ ಬೇರೆ ಅಂಕಣದಲ್ಲಿಡುವುದು ಒಳ್ಳೆಯದು.

ಧಾರಣೆ ಮತ್ತು ಅವಸರ

ಇಷ್ಟೆಲ್ಲ ತಿಳಿದರೂ ಅಟ್ಟ ಇಳಿಸುವ ದಿನವನ್ನು ಗೊತ್ತುಮಾಡುವುದು ಹೆಚ್ಚಾಗಿ ಕೊಬ್ಬರಿಯಲ್ಲ, ಧಾರಣೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಏರುತ್ತದೆಂದು ಕಾದವರ ಅಟ್ಟದಲ್ಲಿ ಕೊಬ್ಬರಿ ಹಳತಾಯಿತು. 2025ರ ಮಧ್ಯದಲ್ಲಿ ಧಾರಣೆ ಕ್ವಿಂಟಾಲಿಗೆ 25,000 ರೂಪಾಯಿಯನ್ನೂ ದಾಟಿತು. ಇಂಥ ಕಾಲದಲ್ಲಿ ಮೂಕ ಕಾಯಿಯನ್ನೂ ಒಡೆದು ಮಾರುವ ಆಸೆ ಹುಟ್ಟುವುದು ಸಹಜ. ಮೊದಲನೆಯದರಿಂದ ಹಳಸಿದ ಕೊಬ್ಬರಿ, ಎರಡನೆಯದರಿಂದ ಹಸಿ ಕೊಬ್ಬರಿ ಪೇಟೆಗೆ ಬರುತ್ತದೆ. ಎರಡರಿಂದಲೂ ಕೆಡುವುದು ತಿಪಟೂರು ಕೊಬ್ಬರಿಯ ಹೆಸರೇ.

ಅವಸರದ ಲೆಕ್ಕವನ್ನು ನೋಡಿ. ತೇವಾಂಶ ಶೇ. 15 ಇರುವ ಒಂದು ಕ್ವಿಂಟಾಲ್ ಕೊಬ್ಬರಿ, ಶೇ. 6ಕ್ಕೆ ಇಳಿದಾಗ ಸುಮಾರು 90 ಕಿಲೋ ಆಗುತ್ತದೆ. ಅಂದರೆ ಹತ್ತು ಕಿಲೋ ನೀರನ್ನು ಕೊಬ್ಬರಿಯ ಬೆಲೆಗೆ ಮಾರಿದಂತೆ ತೋರುತ್ತದೆ. ಆದರೆ ಕೊಳ್ಳುವವರೂ ಈ ಲೆಕ್ಕ ಬಲ್ಲವರೇ. ಅವರು ನೀರಿಗೆ ಮಾತ್ರವಲ್ಲ, ದಾರಿಯಲ್ಲಿ ಬೂಷ್ಟು ಹಿಡಿಯುವ ನಷ್ಟಕ್ಕೂ ಸೇರಿಸಿ ಬೆಲೆ ಕಡಿಯುತ್ತಾರೆ. ಆ ಕಡಿತ ನಿಮ್ಮ ಒಂದು ಚೀಲಕ್ಕೆ ನಿಲ್ಲದೆ, ಚೆನ್ನಾಗಿ ಮಾಗಿಸಿದ ನೆರೆಯವರ ಚೀಲಕ್ಕೂ ತಗಲುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿಯೂ ತೇವಾಂಶ ಹೆಚ್ಚಿದ್ದರೆ ಮಾಲು ಹಿಂದಿರುಗುತ್ತದೆ.

ಹಣದ ತುರ್ತು ಎಲ್ಲರಿಗೂ ಬರುತ್ತದೆ. ಒಂದು ವರ್ಷ ಕಾಯಿರಿ ಎಂದು ಹೇಳುವುದು ಸುಲಭ, ಕಾಯುವುದು ಕಷ್ಟ. ಆದ್ದರಿಂದ ನನ್ನ ಸಲಹೆ ಇಷ್ಟು. ತುರ್ತು ಇರುವವರು ಹೊಸ ಕೊಯ್ಲಿನ ಒಂದು ಭಾಗವನ್ನು ಎಳನೀರಾಗಿ ಇಲ್ಲವೇ ಹಸಿ ಕಾಯಿಯಾಗಿಯೇ ಮಾರಿರಿ. ಮೂರು ತಿಂಗಳೊಳಗಿನ ಕಾಯಿಗೆ ಅಡಿಗೆಯ ಬೇಡಿಕೆ ಇದೆ. ಆದರೆ ಐದರಿಂದ ಏಳು ತಿಂಗಳಿನ ಅಂಕಣವನ್ನು ಮುಟ್ಟಬೇಡಿ. ಅದು ಅಡಿಗೆಗೂ ಇಲ್ಲ, ತಿನ್ನಲೂ ಇಲ್ಲ ಎಂಬಂಥ ಹಂತ; ಆಗ ಮಾರಿದರೆ ನಷ್ಟ ಖಂಡಿತ. ಧಾರಣೆ ಏರುವವರೆಗೆ ಕಾಯುವವರು ಕೊಬ್ಬರಿಯನ್ನು ಸುಲಿದಿಡದೆ, ಚಿಪ್ಪಿನೊಳಗೇ ಇಟ್ಟು ಕಾಯಬೇಕು. ತಿಂಗಳಿಗೊಮ್ಮೆ ರುಚಿ ನೋಡಬೇಕು. ಸಿಹಿ ಹಿಂದೆ ಸರಿಯುತ್ತಿದೆ ಎಂದು ಕಂಡ ತಿಂಗಳೇ ಮಾರಾಟದ ತಿಂಗಳು.

ಸಾರಾಂಶ

ಪೂರ್ತಿ ಬಲಿತ ಕಾಯಿ, ಬಿರುಕಿಲ್ಲದ ಚಿಪ್ಪು, ಒಣಗಿದ ಮಟ್ಟೆ, ಗಾಳಿಯಾಡುವ ಅಟ್ಟ, ಹನ್ನೊಂದರಿಂದ ಹನ್ನೆರಡು ತಿಂಗಳ ತಾಳ್ಮೆ ಈ ಐದು ಸೇರಿದರೆ ಉಂಡೆ ಕೊಬ್ಬರಿಗೆ ರುಚಿ ಕೂಡುತ್ತದೆ. ಇವುಗಳಲ್ಲಿ ಯಾವುದು ತಪ್ಪಿದರೂ ಮೊದಲು ತಿಳಿಯುವುದು ನಾಲಿಗೆಗೆ. ಕಣ್ಣಿಗೆ ಆಮೇಲೆ, ತಕ್ಕಡಿಗೆ ಕೊನೆಯಲ್ಲಿ. ತಾಳಿದವನು ಬಾಳಿಯಾನು ಎಂಬ ಗಾದೆ ಅಟ್ಟದ ಕಾಯಿಗೂ ಸಲ್ಲುತ್ತದೆ, ಅಟ್ಟದ ಒಡೆಯನಿಗೂ ಸಲ್ಲುತ್ತದೆ.

ಈ ತಿಂಗಳೇ ನಿಮ್ಮ ಅಟ್ಟದ ತಳದಿಂದ ಎರಡು ಕಾಯಿ ತೆಗೆದು ಒಡೆಯಿರಿ. ಮಾರುವುದಕ್ಕೆ ಮೊದಲು ಒಂದು ಚೂರನ್ನು ನೀವೇ ತಿಂದು ನೋಡಿ. ಅನುಮಾನವಿದ್ದಲ್ಲಿ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ನಿಮ್ಮ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಸಂಪರ್ಕಿಸಿ ಸಲಹೆ ಪಡೆಯಬಹುದು. ಹೋಗುವಾಗ ಐದು ಕಾಯಿಗಳನ್ನು ಒಡೆಯದೆ, ಕೊಯ್ಲಿನ ತಿಂಗಳು ಬರೆದು ಕೊಂಡೊಯ್ಯಿರಿ.